ಹುವಾನ್ ಓ'ಗಾರ್ಮನ್

ಹುವಾನ್ ಓ'ಗಾರ್ಮನ್ (ಜುಲೈ 6, 1905 – ಜನವರಿ 18, 1982) ಮೆಕ್ಸಿಕೊ ದೇಶದ ವರ್ಣಚಿತ್ರಕಾರರು, ಭಿತ್ತಿಚಿತ್ರಕಾರರು ಹಾಗೂ ವಾಸ್ತುಶಿಲ್ಪಿಗಳು. ಮೆಕ್ಸಿಕೊ ನಗರದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯದ ಹೊರಗೋಡೆಗಳನ್ನು ಆವರಿಸಿರುವ ಬೃಹತ್ ಕಲ್ಲಿನ ಮೊಸಾಯಿಕ್ ಚಿತ್ರಗಳಿಂದ ಅವರು ಜಗತ್ತಿಗೆ ಪರಿಚಿತರು. ಚಿತ್ರಕಾರರಾದ ಡಿಯೆಗೊ ರಿವೇರಾ ಮತ್ತು ಫ್ರೀಡಾ ಕಾಲೊ ದಂಪತಿಗಳಿಗೆ ಸೇತುವೆಯಿಂದ ಕೂಡಿದ ಜೋಡಿ ಮನೆಗಳನ್ನು ಕಟ್ಟಿಕೊಟ್ಟವರೂ ಇವರೇ.

ಯೌವನದಲ್ಲಿ ಆಧುನಿಕ ವಾಸ್ತುಶಿಲ್ಪವನ್ನು ಅತ್ಯುತ್ಸಾಹದಿಂದ ಅಪ್ಪಿಕೊಂಡ ಓ'ಗಾರ್ಮನ್, ನಡುವಯಸ್ಸಿನಲ್ಲಿ ಅದನ್ನು ಅಷ್ಟೇ ತೀವ್ರವಾಗಿ ತೊರೆದರು. 1929ರಲ್ಲಿ ಅವರು ಕಟ್ಟಲಾರಂಭಿಸಿದ ಮೊದಲ ಮನೆ ಕಾಂಕ್ರೀಟ್, ಉಕ್ಕು, ಗಾಜುಗಳಿಂದಾದದ್ದು. ಅದರಲ್ಲಿ ಅಲಂಕಾರವೆಂಬುದು ಇರಲೇ ಇಲ್ಲ. ಇಪ್ಪತ್ತು ವರ್ಷಗಳ ತರುವಾಯ ತಮ್ಮ ಸ್ವಂತ ವಾಸಕ್ಕೆ ಕಟ್ಟಿಕೊಂಡ ಮನೆಯಾದರೋ ಲಾವಾ ಬಂಡೆಯ ಗುಹೆಯೊಳಗಿತ್ತು. ಅದರಲ್ಲಿ ಅಲಂಕಾರವಿಲ್ಲದ ಗೋಡೆಯನ್ನು ಹುಡುಕಬೇಕಿತ್ತು. ಒಬ್ಬನೇ ವ್ಯಕ್ತಿಯ ಈ ಎರಡು ಮನೆಗಳ ನಡುವಣ ಅಂತರವನ್ನು ಅರಿಯದೆ ಓ'ಗಾರ್ಮನ್ ಅವರ ಸಾಧನೆಯನ್ನು ಅಳೆಯುವುದು ಕಷ್ಟ.

ಜನನ ಮತ್ತು ಶಿಕ್ಷಣ

ಓ'ಗಾರ್ಮನ್ ಜನಿಸಿದ್ದು ಮೆಕ್ಸಿಕೊ ನಗರದ ಕೊಯೊಆಕಾನ್ ಎಂಬಲ್ಲಿ. ತಂದೆ ಸೆಸಿಲ್ ಕ್ರಾಫರ್ಡ್ ಓ'ಗಾರ್ಮನ್ ಐರ್ಲೆಂಡ್ ಮೂಲದವರು, ಸ್ವತಃ ಚಿತ್ರಕಾರರು. ತಾಯಿ ಎನ್ಕಾರ್ನಾಸಿಯೊನ್. ಕಿರಿಯ ಸಹೋದರ ಎಡ್ಮುಂಡೊ ಓ'ಗಾರ್ಮನ್ ಮುಂದೆ ಮೆಕ್ಸಿಕೊದ ಪ್ರಮುಖ ಇತಿಹಾಸಕಾರರೆಂದು ಹೆಸರಾದರು. ಮನೆಯಲ್ಲಿ ಚಿತ್ರಕಲೆಯ ವಾತಾವರಣವಿದ್ದರೂ ಹುವಾನ್ ಆರಿಸಿಕೊಂಡದ್ದು ವಾಸ್ತುಶಿಲ್ಪದ ವ್ಯಾಸಂಗವನ್ನು. ಸಾನ್ ಕಾರ್ಲೊಸ್ ಅಕಾಡೆಮಿಯಲ್ಲಿ ಓದುತ್ತಿದ್ದಾಗಲೇ ಕಾರ್ಲೊಸ್ ಒಬ್ರೆಗೊನ್ ಸಾಂತಾಸಿಲಿಯಾ, ಹೋಸೆ ವಿಯಾಗ್ರಾನ್ ಗಾರ್ಸಿಯಾ ಮುಂತಾದ ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ಅನುಭವ ಗಳಿಸಿದರು.

ಆ ಕಾಲದ ಮೆಕ್ಸಿಕೊ 1910ರಲ್ಲಿ ಆರಂಭವಾದ ಕ್ರಾಂತಿಯ ದಶಕವನ್ನು ದಾಟಿ ಬಂದಿತ್ತು. ಸರ್ಕಾರಿ ಕಟ್ಟಡಗಳ ಗೋಡೆಗಳ ಮೇಲೆ ರಿವೇರಾ, ಒರೊಸ್ಕೊ, ಸಿಕೆರೊಸ್ ಮೊದಲಾದವರು ಭಿತ್ತಿಚಿತ್ರಗಳನ್ನು ಬರೆಯತೊಡಗಿದ್ದರು. ಚಿತ್ರಕಲೆ ಹೊಸ ಹಾದಿ ಹಿಡಿದಿದ್ದರೂ ಕಟ್ಟಡಗಳು ಮಾತ್ರ ಹಳೆಯ ಸ್ಪ್ಯಾನಿಷ್ ವಸಾಹತು ಕಾಲದ ಮಾದರಿಯನ್ನೇ ಬಹುಮಟ್ಟಿಗೆ ಅನುಕರಿಸುತ್ತಿದ್ದವು. ಕಾಂಕ್ರೀಟಿನ ಕಂಬಕ್ಕೆ ಕೆತ್ತನೆಯ ಕಲ್ಲಿನ ಹೊದಿಕೆ ಹಾಕಿ ಹಳೆಯದರಂತೆ ತೋರಿಸುವುದು ವಾಡಿಕೆಯಾಗಿತ್ತು. ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿ ಓ'ಗಾರ್ಮನ್ ಅವರ ಕೈಗೆ ಲ ಕಾರ್ಬೂಸಿಯೆ 1923ರಲ್ಲಿ ಪ್ರಕಟಿಸಿದ್ದ ವಾಸ್ತುಶಿಲ್ಪ ಕುರಿತ ಪುಸ್ತಕ ಬಂದಿತು. ಚಂಡೀಗಢ ನಗರದ ನಿರ್ಮಾತೃವೆಂದು ಭಾರತೀಯರಿಗೆ ಪರಿಚಿತರಾದ ಕಾರ್ಬೂಸಿಯೆ ಆಗಿನ್ನೂ ಯುವಕರು; ಮನೆಯನ್ನು ವಾಸಕ್ಕೆಂದೇ ರೂಪಿಸಿದ ಯಂತ್ರವೆಂದು ಭಾವಿಸಬೇಕೆಂಬ ಅವರ ವಾದ ಯುರೋಪಿನಲ್ಲಿ ಚರ್ಚೆಗೆ ಒಳಗಾಗಿತ್ತು. ಓ'ಗಾರ್ಮನ್ ಆ ಪುಸ್ತಕವನ್ನು ಹಲವು ಬಾರಿ ಓದಿದರು. ಕಾರ್ಬೂಸಿಯೆ ಅವರ ಬರಹದಲ್ಲಿ ಸೌಂದರ್ಯಕ್ಕೂ ದೊಡ್ಡ ಸ್ಥಾನವಿತ್ತು. ಶಿಷ್ಯರಾದರೋ ಗುರುವಿಗಿಂತ ಕಟ್ಟುನಿಟ್ಟಾದರು: ಅತ್ಯಂತ ಕಡಿಮೆ ವೆಚ್ಚ, ಅತ್ಯಂತ ಕಡಿಮೆ ಶ್ರಮ, ಗರಿಷ್ಠ ಉಪಯೋಗ ಎಂಬ ಮೂರೇ ನಿಯಮಗಳನ್ನು ತಮಗೆ ವಿಧಿಸಿಕೊಂಡರು. ಉಪಯೋಗವೇ ಕಟ್ಟಡದ ರೂಪವನ್ನು ನಿರ್ಧರಿಸಬೇಕೆನ್ನುವ ಈ ನಿಲುವಿಗೆ ಫಂಕ್ಷನಲಿಸಂ ಎಂದು ಹೆಸರು.

ಮೊದಲ ಮನೆ (1929)

ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸಾನ್ ಆಂಹೆಲ್ ಅಂದು ತೋಟಗಳ ನಡುವಣ ಹಳ್ಳಿಯಂತಿತ್ತು. ಹಳೆಯ ಹಸಿಯೆಂಡಾ ಒಂದರಲ್ಲಿ ನಡೆಯುತ್ತಿದ್ದ ಸಾನ್ ಆಂಹೆಲ್ ಇನ್ ಎಂಬ ಭೋಜನಶಾಲೆಯ ಎದುರಿಗೆ ಟೆನಿಸ್ ಅಂಗಣಗಳಾಗಿದ್ದ ಜಾಗವನ್ನು ಓ'ಗಾರ್ಮನ್ ಖರೀದಿಸಿ, ಅದರ ಒಂದು ಭಾಗದಲ್ಲಿ 1929ರಲ್ಲಿ ಮನೆಯೊಂದನ್ನು ಕಟ್ಟತೊಡಗಿದರು. ಅವರಿಗಾಗ 24 ವರ್ಷ. ತಂದೆಯ ಹೆಸರಿನಿಂದ ಇದು ಸೆಸಿಲ್ ಓ'ಗಾರ್ಮನ್ ಮನೆಯೆಂದು ಪ್ರಸಿದ್ಧವಾಗಿದೆ. ಮೆಕ್ಸಿಕೊದ ಮೊತ್ತಮೊದಲ ಫಂಕ್ಷನಲಿಸ್ಟ್ ಮನೆಯೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಮನೆಯ ಮೇಲಂತಸ್ತು ತೆಳ್ಳನೆಯ ಕಾಂಕ್ರೀಟ್ ಕಂಬಗಳ ಮೇಲೆ ನಿಂತಿದೆ. ಮೇಲಿನ ಸ್ಟುಡಿಯೊಗೆ ಉಕ್ಕಿನ ಚೌಕಟ್ಟಿನಲ್ಲಿ ಕೂರಿಸಿದ ವಿಶಾಲವಾದ ಗಾಜಿನ ಕಿಟಕಿಗಳು. ಅವನ್ನು ಮಡಿಸಿ ಸರಿಸಿದರೆ ಗೋಡೆಯೇ ಇಲ್ಲದಂತಾಗಿ ಕೋಣೆ ಹೊರಗಿನ ಗಾಳಿ ಬೆಳಕಿಗೆ ತೆರೆದುಕೊಳ್ಳುತ್ತದೆ. ಮೇಲೇರಲು ಮನೆಯ ಹೊರಗೆ ಸುರುಳಿಯಾಕಾರದ ಕಾಂಕ್ರೀಟ್ ಮೆಟ್ಟಿಲು. ತಾರಸಿಯ ಕೆಳಭಾಗಕ್ಕೆ ಗಾರೆಯ ಮರೆಯಿಲ್ಲ, ನೀರಿನ ಕೊಳವೆ ಮತ್ತು ವಿದ್ಯುತ್ ತಂತಿಗಳನ್ನು ಗೋಡೆಯೊಳಗೆ ಅಡಗಿಸಿಲ್ಲ. ಹಿಂದಿನ ಮನೆಗಳು ಏನೇನನ್ನು ಮುಚ್ಚಿಡುತ್ತಿದ್ದವೋ ಅದನ್ನೆಲ್ಲ ಈ ಮನೆ ಎದುರಿಗೇ ಇಟ್ಟಿತ್ತು. ಸುತ್ತಮುತ್ತಲ ನಿವಾಸಿಗಳಿಗೆ ಇದು ಮನೆಯೆನಿಸದೆ ಕಾರ್ಖಾನೆಯೆನಿಸಿದ್ದರೆ ಆಶ್ಚರ್ಯವಿಲ್ಲ.

ಡಿಯೆಗೊ ರಿವೇರಾ ಅವರ ಉತ್ಸಾಹ

ಮನೆಯನ್ನು ನೋಡಲು ಓ'ಗಾರ್ಮನ್ ಆಹ್ವಾನಿಸಿದವರಲ್ಲಿ ಡಿಯೆಗೊ ರಿವೇರಾ ಒಬ್ಬರು. ಆ ವೇಳೆಗಾಗಲೇ ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಾರರಾಗಿದ್ದ ರಿವೇರಾ ಅದನ್ನು ಕಂಡು ಮೆಚ್ಚಿದರು. ಓ'ಗಾರ್ಮನ್ ತಾವು ಮಾಡಿದ್ದು ಕೇವಲ ಎಂಜಿನಿಯರಿಂಗ್, ಅದರಲ್ಲಿ ಕಲೆಯ ಉದ್ದೇಶವೇ ಇಲ್ಲ ಎಂದು ನಂಬಿದ್ದರು. ರಿವೇರಾ ಅದನ್ನು ಒಪ್ಪಲಿಲ್ಲ. ಉಪಯೋಗವನ್ನು ಬಿಟ್ಟು ಬೇರೇನನ್ನೂ ಗಮನಿಸದೆ ಕಟ್ಟಿದ ಮನೆ ಇಷ್ಟು ಸುಂದರವಾಗಿರುವುದಾದರೆ ಅಂತಹ ಎಂಜಿನಿಯರಿಂಗ್ ಕೂಡ ಕಲಾಕೃತಿಯೇ ಎಂಬುದು ಅವರ ವಾದವಾಗಿತ್ತೆಂದು ಓ'ಗಾರ್ಮನ್ ನಂತರದ ದಿನಗಳಲ್ಲಿ ನೆನಪಿಸಿಕೊಂಡಿದ್ದಾರೆ. ವಾದ ಅಲ್ಲಿಗೇ ನಿಲ್ಲಲಿಲ್ಲ. ಪಕ್ಕದ ಜಾಗದಲ್ಲಿ ತಮಗೂ ಪತ್ನಿ ಫ್ರೀಡಾ ಕಾಲೊ ಅವರಿಗೂ ಮನೆ ಕಟ್ಟಿಕೊಡುವ ಹೊಣೆಯನ್ನು ರಿವೇರಾ ಈ ಯುವಕನಿಗೇ ವಹಿಸಿದರು.

ಪ್ರಾಚೀನ ಮೆಕ್ಸಿಕೊದ ಮಣ್ಣಿನ ಮೂರ್ತಿಗಳನ್ನು ರಾಶಿರಾಶಿಯಾಗಿ ಸಂಗ್ರಹಿಸುತ್ತಿದ್ದ, ರೈತರ ಬದುಕನ್ನು ಗೋಡೆಗೋಡೆಯ ಮೇಲೆ ಬರೆದ ಕಲಾವಿದನೊಬ್ಬ ಯಂತ್ರದಂತಹ ಮನೆಯನ್ನು ಬಯಸಿದ್ದು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ರಿವೇರಾ ಯುವಕರಾಗಿದ್ದಾಗ ಪ್ಯಾರಿಸ್ಸಿನಲ್ಲಿ ಕ್ಯೂಬಿಸ್ಟ್ ಚಿತ್ರಕಾರರ ನಡುವೆ ಬೆಳೆದವರು. 1930ರ ದಶಕದ ಆರಂಭದಲ್ಲಿ ಡೆಟ್ರಾಯಿಟ್ ನಗರದ ಮೋಟಾರು ಕಾರ್ಖಾನೆಗಳನ್ನು ಬೆರಗಿನಿಂದ ಚಿತ್ರಿಸಿದವರು. ಯಂತ್ರವೂ ಮಣ್ಣಿನ ಮೂರ್ತಿಯೂ ಅವರ ಮನಸ್ಸಿನಲ್ಲಿ ಪರಸ್ಪರ ವಿರುದ್ಧವಾಗಿರಲಿಲ್ಲ.

ಜೋಡಿ ಮನೆಗಳು (1931–1932)

ದಂಪತಿಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ್ದ ಅವಧಿಯಲ್ಲೇ ಕಟ್ಟಡದ ಕೆಲಸ ನಡೆಯಿತು. ಅವರು ಹಿಂದಿರುಗಿ ಇಲ್ಲಿ ವಾಸ ಆರಂಭಿಸಿದ್ದು 1933ರ ಕೊನೆ, 1934ರ ಮೊದಲ ಭಾಗದಲ್ಲಿ.

ಒಂದೇ ಆವರಣದಲ್ಲಿ ಎರಡು ಪ್ರತ್ಯೇಕ ಮನೆಗಳಿವೆ. ರಿವೇರಾ ಅವರದು ದೊಡ್ಡದು, ಕೆಂಪು ಮತ್ತು ಬಿಳಿ ಬಣ್ಣದ್ದು. ಕಾಲೊ ಅವರದು ಚಿಕ್ಕದು, ಕಡು ನೀಲಿ ಬಣ್ಣದ್ದು. ಎರಡರ ತಾರಸಿಗಳನ್ನು ಕಿರಿದಾದ ಸೇತುವೆಯೊಂದು ಜೋಡಿಸುತ್ತದೆ. ಗಂಡ ಹೆಂಡತಿ ಒಂದೇ ಸೂರಿನಡಿ ಇರಬೇಕೆಂಬ ರೂಢಿಗೆ ಹೊರತಾದ ಈ ಏರ್ಪಾಡು ಇಬ್ಬರು ಸ್ವತಂತ್ರ ಕಲಾವಿದರ ದಾಂಪತ್ಯವನ್ನು ನಕ್ಷೆಯಲ್ಲೇ ಬರೆದಂತಿದೆ. ರಿವೇರಾ ಅವರ ಸ್ಟುಡಿಯೊ ಎರಡಂತಸ್ತಿನಷ್ಟು ಎತ್ತರವಾಗಿದ್ದು, ಉತ್ತರಕ್ಕೆ ಪೂರ್ತಿ ಗಾಜಿನ ಗೋಡೆಯಿದೆ. ಉತ್ತರದ ಬೆಳಕಿನಲ್ಲಿ ಬಿಸಿಲು ನೇರವಾಗಿ ಬೀಳದ ಕಾರಣ ಚಿತ್ರ ಬರೆಯುವವರಿಗೆ ಅನುಕೂಲ. ಮಾಡು ಕಾರ್ಖಾನೆಗಳಲ್ಲಿರುವಂತೆ ಗರಗಸದ ಹಲ್ಲಿನ ಆಕಾರದ್ದು. ಕಾರ್ಬೂಸಿಯೆ 1922ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಕಾರ ಓಜೆನ್‍ಫಾನ್ ಅವರಿಗೆ ವಿನ್ಯಾಸಗೊಳಿಸಿದ ಸ್ಟುಡಿಯೊದ ಪ್ರಭಾವ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಇದು ಪ್ಯಾರಿಸ್ಸಿನ ನಕಲಲ್ಲ. ಆವರಣಕ್ಕೆ ಕಲ್ಲಿನ ಗೋಡೆಯ ಬದಲು ಕಂಬದಂತೆ ನೆಟ್ಟಗೆ ಬೆಳೆಯುವ ಕಳ್ಳಿಯ ಬೇಲಿಯನ್ನು ಹಾಕಲಾಯಿತು. ಮೆಕ್ಸಿಕೊದ ಹಳ್ಳಿಗಳಲ್ಲಿ ಹಿತ್ತಿಲುಗಳಿಗೆ ಇಂತಹ ಬೇಲಿ ಸಾಮಾನ್ಯ. ಗೋಡೆಗಳ ಕಡುಬಣ್ಣಗಳೂ ಹಳ್ಳಿಯ ಮನೆಗಳಿಂದಲೇ ಬಂದವು. ಉಪಯೋಗವಿಲ್ಲದ್ದೇನೂ ಇರಕೂಡದೆಂದು ಸಾರಿದ ವಾಸ್ತುಶಿಲ್ಪಿಯ ಮನೆಗೆ ಬಣ್ಣದ ಮೂಲಕ ಅಲಂಕಾರ ಆಗಲೇ ಪ್ರವೇಶಿಸಿತ್ತೆಂಬುದು ಗಮನಾರ್ಹ.

ವಾಸಕ್ಕೆ ಈ ಮನೆಗಳು ಎಷ್ಟು ಅನುಕೂಲವಾಗಿದ್ದವು ಎಂಬುದು ಬೇರೆಯೇ ಪ್ರಶ್ನೆ. ಕಾಲೊ ಅವರು 1925ರ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮತ್ತು ಕಾಲುಗಳಿಗೆ ತೀವ್ರವಾದ ಪೆಟ್ಟು ಬಿದ್ದು ಜೀವನಪರ್ಯಂತ ನೋವನುಭವಿಸಿದವರು. ಅಂಥವರ ಮನೆಯಲ್ಲಿ ಕಡಿದಾದ, ಕಿರಿದಾದ ಮೆಟ್ಟಿಲುಗಳು. ತಾರಸಿಯ ಸೇತುವೆಗೆ ಹೋಗಬೇಕಾದರೆ ಗೋಡೆಯ ಹೊರಮೈಗೆ ಅಂಟಿಕೊಂಡ, ಕೊಳವೆಯ ಕೈಪಿಡಿಯಷ್ಟೇ ಆಸರೆಯಾಗಿರುವ ಮೆಟ್ಟಿಲನ್ನು ಏರಬೇಕು. ಮನೆಯನ್ನು ಯಂತ್ರವೆಂದು ಬಗೆದವರು ಅದರಲ್ಲಿ ವಾಸಿಸುವ ದೇಹವನ್ನು ಆರೋಗ್ಯವಂತ ದೇಹವೆಂದೇ ಊಹಿಸಿಕೊಂಡಿದ್ದರೆಂದು ಹೇಳದೆ ವಿಧಿಯಿಲ್ಲ. 1939ರಲ್ಲಿ ದಂಪತಿಗಳ ವಿಚ್ಛೇದನವಾಯಿತು. ಮರುವರ್ಷ ಅವರು ಮತ್ತೆ ವಿವಾಹವಾದರೂ ಕಾಲೊ ನೆಲೆಸಿದ್ದು ಕೊಯೊಆಕಾನಿನ ತಮ್ಮ ತವರುಮನೆಯಾದ ನೀಲಿ ಮನೆಯಲ್ಲಿ. ರಿವೇರಾ ಸಾನ್ ಆಂಹೆಲ್ ಸ್ಟುಡಿಯೊವನ್ನು ಕೊನೆಯವರೆಗೂ ಬಳಸಿದರು. 1957ರ ನವೆಂಬರ್ 24ರಂದು ಅವರು ಮರಣಹೊಂದಿದ್ದು ಇಲ್ಲಿಯೇ.

ಇದೇ ವರ್ಷಗಳಲ್ಲಿ ಜಾನಪದ ಪತ್ರಿಕೆಯ ಸಂಪಾದಕಿ ಫ್ರಾನ್ಸಿಸ್ ಟೂರ್, ಚಿತ್ರಕಾರ ಹೂಲಿಯೊ ಕಾಸ್ತೆಯಾನೊಸ್, ಕಲಾ ಇತಿಹಾಸಕಾರ ಮಾನ್ವೆಲ್ ತೂಸೆಂಟ್ ಮೊದಲಾದವರಿಗೂ ಓ'ಗಾರ್ಮನ್ ಮನೆಗಳನ್ನು ವಿನ್ಯಾಸಗೊಳಿಸಿದರು.

ಶಾಲೆಗಳು

1932ರಲ್ಲಿ ಶಿಕ್ಷಣ ಸಚಿವ ನಾರ್ಸಿಸೊ ಬಸ್ಸೊಲ್ಸ್ ಅವರು ಓ'ಗಾರ್ಮನ್ ಅವರನ್ನು ಇಲಾಖೆಯ ಕಟ್ಟಡ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಿದರು. ಹತ್ತು ಲಕ್ಷ ಪೆಸೊ ಅನುದಾನದಲ್ಲಿ ರಾಜಧಾನಿಯ ಬಡ ಬಡಾವಣೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೊಸ ಪ್ರಾಥಮಿಕ ಶಾಲೆಗಳು ಎದ್ದವು, ಅನೇಕ ಹಳೆಯ ಶಾಲೆಗಳು ದುರಸ್ತಿಯಾದವು. ಮೂರು ಮೀಟರುಗಳ ಅಳತೆಯನ್ನು ಮೂಲಮಾನವಾಗಿ ಇಟ್ಟುಕೊಂಡು ಅದರ ಮಡಿಗಳಲ್ಲಿ ತರಗತಿ, ಓಣಿ, ಕಿಟಕಿಗಳೆಲ್ಲವನ್ನೂ ನಿರ್ಧರಿಸಿದ್ದರಿಂದ ಒಂದೇ ಬಗೆಯ ತೊಲೆ, ಬಾಗಿಲು, ಕಿಟಕಿಗಳನ್ನು ಎಲ್ಲ ಶಾಲೆಗಳಿಗೂ ಬಳಸಲು ಸಾಧ್ಯವಾಯಿತು. ಬೆಳಕು, ಗಾಳಿ, ಶುದ್ಧ ನೀರು, ಶೌಚಾಲಯ ಇವು ಮೊದಲು; ಮುಂಬಾಗಿಲಿನ ಭವ್ಯತೆ ಅನಗತ್ಯ ಎಂಬುದು ಯೋಜನೆಯ ತಿರುಳು. ಹಲವು ಶಾಲೆಗಳ ಗೋಡೆಗಳ ಮೇಲೆ ಯುವ ಚಿತ್ರಕಾರರು ಭಿತ್ತಿಚಿತ್ರಗಳನ್ನು ಬರೆದರು.

ಈ ಶಾಲೆಗಳು ಪೆಟ್ಟಿಗೆಗಳಂತಿವೆ ಎಂದು ಆಕ್ಷೇಪಿಸಿದವರಿದ್ದರು. 1933ರಲ್ಲಿ ಮೆಕ್ಸಿಕೊದ ವಾಸ್ತುಶಿಲ್ಪಿಗಳ ಸಂಘವು ಏರ್ಪಡಿಸಿದ ಉಪನ್ಯಾಸ ಮಾಲೆಯಲ್ಲಿ ಓ'ಗಾರ್ಮನ್ ತಮ್ಮ ನಿಲುವನ್ನು ಯಾವ ರಾಜಿಯೂ ಇಲ್ಲದೆ ಮಂಡಿಸಿದರು. ಕೋಟ್ಯಂತರ ಜನರಿಗೆ ಮನೆ, ಶಾಲೆ, ಆಸ್ಪತ್ರೆಗಳಿಲ್ಲದ ದೇಶದಲ್ಲಿ ಕಟ್ಟಡಗಳ ಆತ್ಮದ ಕುರಿತು ಮಾತನಾಡುವುದು ಐಷಾರಾಮವೆಂಬುದು ಅವರ ಮಾತಿನ ಸಾರಾಂಶ. ಫಂಕ್ಷನಲಿಸಂ ಅವರ ಪಾಲಿಗೆ ಒಂದು ಶೈಲಿಯಾಗಿರದೆ ಸಾಮಾಜಿಕ ನ್ಯಾಯದ ಮಾರ್ಗವಾಗಿತ್ತೆಂಬುದನ್ನು ಈ ಶಾಲೆಗಳು ಮನೆಗಳಿಗಿಂತ ಚೆನ್ನಾಗಿ ತೋರಿಸುತ್ತವೆ. ವಿಮರ್ಶಕರ ಗಮನವೆಲ್ಲ ರಿವೇರಾ–ಕಾಲೊ ಮನೆಗಳ ಮೇಲೆಯೇ ಬಿದ್ದು, ಸಾವಿರಾರು ಮಕ್ಕಳು ಓದಿದ ಈ ಕಟ್ಟಡಗಳು ಹಿಂದೆ ಸರಿದಿರುವುದು ವಿಷಾದನೀಯ.

ವಾಸ್ತುಶಿಲ್ಪದಿಂದ ದೂರ

1930ರ ದಶಕದ ಮಧ್ಯಭಾಗದಿಂದ ಓ'ಗಾರ್ಮನ್ ಕ್ರಮೇಣ ಕಟ್ಟಡ ವೃತ್ತಿಯನ್ನು ಕೈಬಿಟ್ಟು ಚಿತ್ರಕಲೆಗೆ ತಿರುಗಿದರು. ಅವರೇ ನೀಡಿದ ಕಾರಣ ಹೀಗಿದೆ: ಬಡವರಿಗೆ ಅಗ್ಗದಲ್ಲಿ ಮನೆ ಒದಗಿಸಲೆಂದು ರೂಪಿಸಿದ ಸರಳ ಕಟ್ಟಡ ವಿಧಾನವು ಬಾಡಿಗೆಗೆ ಮನೆ ಕಟ್ಟಿಸುವ ಬಂಡವಾಳಗಾರರಿಗೆ ಪ್ರಿಯವಾಯಿತು. ಕಡಿಮೆ ಖರ್ಚಿನ ಲಾಭ ವಾಸಿಸುವವರಿಗೆ ದೊರೆಯದೆ ಮಾಲೀಕರ ಜೇಬು ಸೇರಿತು. ಸಮಾಜವನ್ನು ಬದಲಿಸಬೇಕಾಗಿದ್ದ ವಿಧಾನವು ನಿವೇಶನ ವ್ಯಾಪಾರದ ಸಾಧನವಾದುದನ್ನು ಅವರು ಸಹಿಸಲಿಲ್ಲ.

ಚಿತ್ರಕಾರರಾಗಿಯೂ ಅವರ ಹಾದಿ ಸುಗಮವಾಗಿರಲಿಲ್ಲ. 1937–38ರಲ್ಲಿ ಮೆಕ್ಸಿಕೊ ನಗರದ ವಿಮಾನ ನಿಲ್ದಾಣಕ್ಕೆ ಮಾನವನ ಹಾರಾಟದ ಇತಿಹಾಸವನ್ನು ಕುರಿತು ಬರೆದ ಮೂರು ಫಲಕಗಳಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯರ ವ್ಯಂಗ್ಯರೂಪಗಳಿದ್ದ ಕಾರಣ ಎರಡು ಪಾರ್ಶ್ವಫಲಕಗಳನ್ನು ಅಧಿಕಾರಿಗಳು ತೆಗೆಸಿಹಾಕಿದರು. ನಡುವಿನ ಫಲಕ ಉಳಿದಿದೆ. 1941–42ರಲ್ಲಿ ಪಾತ್ಸ್ಕ್ವಾರೊ ಊರಿನ ಗ್ರಂಥಾಲಯದಲ್ಲಿ ಮಿಚೊಆಕಾನ್ ಪ್ರಾಂತ್ಯದ ಇತಿಹಾಸವನ್ನು ಚಿತ್ರಿಸಿದರು. 1949ರ 'ಮೆಕ್ಸಿಕೊ ನಗರ' ಎಂಬ ಟೆಂಪೆರಾ ಚಿತ್ರದಲ್ಲಿ ಎರಡು ಕೈಗಳು ನಗರದ ಹಳೆಯ ನಕ್ಷೆಯನ್ನು ಹಿಡಿದಿವೆ, ಪಕ್ಕದಲ್ಲಿ ಗಾರೆ ಕೆಲಸದವನು ನಿಂತಿದ್ದಾನೆ, ಹಿಂದೆ ಹೊಸ ಕಟ್ಟಡಗಳು ಏಳುತ್ತಿರುವ ನಗರ ಹರಡಿಕೊಂಡಿದೆ. ಮರುವರ್ಷದ ಸ್ವಚಿತ್ರದಲ್ಲಿ ತಮ್ಮನ್ನು ಒಬ್ಬನಾಗಿ ಬರೆದುಕೊಳ್ಳದೆ, ವಾಸ್ತುಶಿಲ್ಪಿ, ಚಿತ್ರಕಾರ ಹೀಗೆ ಹಲವು ಓ'ಗಾರ್ಮನ್‍ಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಿದರು.

ಕೇಂದ್ರ ಗ್ರಂಥಾಲಯ

ಮೆಕ್ಸಿಕೊ ನಗರದ ದಕ್ಷಿಣದ ಲಾವಾ ಭೂಮಿಯಲ್ಲಿ ವಿಶ್ವವಿದ್ಯಾಲಯದ ಹೊಸ ಆವರಣದ ನಿರ್ಮಾಣ ಆರಂಭವಾದಾಗ ಗ್ರಂಥಾಲಯದ ವಿನ್ಯಾಸವನ್ನು ಓ'ಗಾರ್ಮನ್, ಗುಸ್ತಾವೊ ಸಾವೆದ್ರಾ ಮತ್ತು ಹುವಾನ್ ಮಾರ್ತಿನೆಸ್ ದೆ ವೆಲಾಸ್ಕೊ ಅವರಿಗೆ ವಹಿಸಲಾಯಿತು. ಪುಸ್ತಕಗಳನ್ನು ಬಿಸಿಲಿನಿಂದ ಕಾಪಾಡಬೇಕಾದ್ದರಿಂದ ಭಂಡಾರದ ಗೋಪುರಕ್ಕೆ ಕಿಟಕಿಗಳಿಲ್ಲ. ಹೀಗಾಗಿ ನಾಲ್ಕೂ ದಿಕ್ಕಿಗೆ ವಿಶಾಲವಾದ ಖಾಲಿ ಗೋಡೆಗಳು ದೊರೆತವು. ಸುಮಾರು 4,000 ಚದರ ಮೀಟರ್ ವಿಸ್ತೀರ್ಣದ ಈ ಗೋಡೆಗಳನ್ನು ಓ'ಗಾರ್ಮನ್ ಕಲ್ಲಿನ ಚೂರುಗಳ ಮೊಸಾಯಿಕ್‍ನಿಂದ ತುಂಬಿದರು. ಉತ್ತರದ ಗೋಡೆಯಲ್ಲಿ ಸ್ಪ್ಯಾನಿಷರ ಆಗಮನಕ್ಕೆ ಮುಂಚಿನ ನಾಗರಿಕತೆ, ದಕ್ಷಿಣದಲ್ಲಿ ವಸಾಹತು ಕಾಲ, ಪೂರ್ವದಲ್ಲಿ ಆಧುನಿಕ ಜಗತ್ತು, ಪಶ್ಚಿಮದಲ್ಲಿ ವಿಶ್ವವಿದ್ಯಾಲಯ ಹಾಗೂ ಸಮಕಾಲೀನ ಮೆಕ್ಸಿಕೊ ಚಿತ್ರಿತವಾಗಿವೆ.

ಬಣ್ಣ ಮಾಸದಿರಲೆಂದು ನೈಸರ್ಗಿಕ ಕಲ್ಲುಗಳನ್ನೇ ಬಳಸಲು ನಿರ್ಧರಿಸಿ, ಅವುಗಳಿಗಾಗಿ ಅವರು ದೇಶದ ಹಲವು ಭಾಗಗಳನ್ನು ಸುತ್ತಿದರು. ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ ಕಲ್ಲುಗಳು ದೊರೆತವು, ನೀಲಿ ದೊರೆಯಲಿಲ್ಲ. ಅದಕ್ಕೆ ಬಣ್ಣದ ಗಾಜನ್ನು ಬಳಸಬೇಕಾಯಿತು. ಕಲ್ಲಿನ ಚೂರುಗಳನ್ನು ನೆಲದ ಮೇಲೆ ಕಾಂಕ್ರೀಟ್ ಫಲಕಗಳಲ್ಲಿ ಕೂರಿಸಿ, ಬಳಿಕ ಆ ಫಲಕಗಳನ್ನು ಗೋಡೆಗೆ ಜೋಡಿಸಲಾಯಿತು. 2007ರಲ್ಲಿ ಯುನೆಸ್ಕೊ ಈ ವಿಶ್ವವಿದ್ಯಾಲಯ ಆವರಣವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಜಗತ್ತು ಮೆಚ್ಚಿದ ಈ ಕೃತಿಯ ಬಗ್ಗೆ ಅದರ ಕರ್ತೃವಿಗೆ ಪೂರ್ಣ ಸಮಾಧಾನವಿರಲಿಲ್ಲ. ಕಟ್ಟಡದ ದೇಹ ಅಂತರರಾಷ್ಟ್ರೀಯ ಮಾದರಿಯದು, ಮೇಲಿನ ಉಡುಪಷ್ಟೇ ಮೆಕ್ಸಿಕೊದ್ದು ಎಂಬರ್ಥದಲ್ಲಿ ಅವರು ಅದನ್ನು ಜಾನಪದ ಉಡುಗೆ ತೊಟ್ಟ ಅಮೆರಿಕನ್ ಮಹಿಳೆಗೆ ಹೋಲಿಸಿ ಹಾಸ್ಯ ಮಾಡಿದ್ದುಂಟು.

ಗುಹೆಯ ಮನೆ

ಗ್ರಂಥಾಲಯದಲ್ಲಿ ಸಾಧ್ಯವಾಗದ್ದನ್ನು ಓ'ಗಾರ್ಮನ್ ತಮ್ಮ ಸ್ವಂತ ಮನೆಯಲ್ಲಿ ಸಾಧಿಸಲು ಪ್ರಯತ್ನಿಸಿದರು. ವಿಶ್ವವಿದ್ಯಾಲಯದ ಸಮೀಪದ ಸಾನ್ ಹೆರೊನಿಮೊ ರಸ್ತೆಯಲ್ಲಿ, ಶಿತ್ಲೆ ಜ್ವಾಲಾಮುಖಿಯಿಂದ ಹರಿದ ಲಾವಾ ಹೆಪ್ಪುಗಟ್ಟಿದ ಪೆದ್ರೆಗಾಲ್ ಎಂಬ ಬಂಡೆಭೂಮಿಯಲ್ಲಿ ಈ ಮನೆ 1950ರ ಆಸುಪಾಸಿನಲ್ಲಿ ರೂಪುಗೊಂಡಿತು. ಲಾವಾದಲ್ಲಿ ತಾನಾಗಿ ಉಂಟಾಗಿದ್ದ ಪೊಟರೆಯೇ ನಡುಮನೆ. ಬಂಡೆಯ ಮುಂದುವರಿಕೆಯೋ ಎಂಬಂತೆ ಅದೇ ಕಲ್ಲಿನಿಂದ ಉಳಿದ ಗೋಡೆಗಳನ್ನು ಎಬ್ಬಿಸಿದರು. ಒಳಗೂ ಹೊರಗೂ, ಮಾಡಿನ ಕೆಳಭಾಗದಲ್ಲೂ ಪ್ರಾಚೀನ ಮೆಕ್ಸಿಕೊದ ದೇವತೆಗಳು, ಪ್ರಾಣಿಗಳು, ಸೂರ್ಯಚಂದ್ರರು ಬಣ್ಣದ ಕಲ್ಲುಗಳಲ್ಲಿ ಮೂಡಿದರು. ಸುತ್ತಲಿನ ಕಳ್ಳಿ ಗಿಡಗಳಲ್ಲಿ ಮನೆ ಎಲ್ಲಿ ಮುಗಿಯಿತು, ತೋಟ ಎಲ್ಲಿ ಆರಂಭವಾಯಿತು ಎಂದು ಗುರುತಿಸುವುದು ಸುಲಭವಿರಲಿಲ್ಲ.

ಇಲ್ಲಿ ಅವರಿಗೆ ಎರಡು ಆದರ್ಶಗಳಿದ್ದವು. ಒಂದು, ಕಟ್ಟಡವು ತಾನು ನಿಂತ ನೆಲದಿಂದಲೇ ಬೆಳೆದಂತಿರಬೇಕೆಂದ ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಅವರ ಸಾವಯವ ವಾಸ್ತುಶಿಲ್ಪ. ಇನ್ನೊಂದು, ಫ್ರಾನ್ಸಿನ ಹಳ್ಳಿಯ ಅಂಚೆಯವ ಫೆರ್ಡಿನಾಂಡ್ ಶೆವಾಲ್ ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಆಯ್ದು ತಂದು ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬನೇ ಕಟ್ಟಿದ ಕನಸಿನ ಅರಮನೆ. ಇದೇ ಪೆದ್ರೆಗಾಲಿನಲ್ಲಿ ಅದೇ ಕಾಲಕ್ಕೆ ವಾಸ್ತುಶಿಲ್ಪಿ ಲೂಯಿಸ್ ಬರಾಗಾನ್ ಶ್ರೀಮಂತರಿಗಾಗಿ ಸಪಾಟು ಗೋಡೆಗಳ ಆಧುನಿಕ ಬಡಾವಣೆಯನ್ನು ರೂಪಿಸುತ್ತಿದ್ದರೆಂಬುದನ್ನು ನೆನೆದರೆ ಓ'ಗಾರ್ಮನ್ ಎಷ್ಟು ಒಂಟಿ ದಾರಿ ಹಿಡಿದಿದ್ದರೆಂಬುದು ತಿಳಿಯುತ್ತದೆ.

ಪತ್ನಿ ಹೆಲೆನ್ ಫೌಲರ್ ಮತ್ತು ಮಗಳೊಂದಿಗೆ ಅವರು ಈ ಮನೆಯಲ್ಲಿ ಹಲವು ವರ್ಷ ವಾಸಿಸಿದರು. ತಮ್ಮ ಕಟ್ಟಡಗಳಲ್ಲಿ ಇದೇ ತಮಗೆ ಅತ್ಯಂತ ಆಪ್ತವೆಂದು ಅವರು ಭಾವಿಸಿದ್ದರು. 1969ರಲ್ಲಿ ಮನೆಯನ್ನು ಶಿಲ್ಪಿ ಎಲೆನ್ ಎಸ್ಕೊಬೆದೊ ಅವರಿಗೆ ಮಾರಲಾಯಿತು. ಹೊಸ ಮಾಲೀಕರು ತಮ್ಮ ಅಗತ್ಯಕ್ಕೆ ತಕ್ಕಂತೆ ಮನೆಯನ್ನು ಬದಲಾಯಿಸಿದಾಗ ಮೊಸಾಯಿಕ್‍ಗಳೂ ಶಿಲ್ಪಗಳೂ ಬಹುಪಾಲು ನಾಶವಾದವು. ಕೊಂಡವರೂ ಕಲಾವಿದರೇ ಆಗಿದ್ದುದರಿಂದ ಈ ಪ್ರಸಂಗ ಕಲಾವಲಯದಲ್ಲಿ ದೀರ್ಘಕಾಲ ಚರ್ಚೆಗೆ ಒಳಗಾಯಿತು. ಖಾಸಗಿ ವಾಸದ ಮನೆಯೊಂದು ಕಲಾಕೃತಿಯೂ ಆಗಿದ್ದರೆ ಅದನ್ನು ಉಳಿಸುವ ಹೊಣೆ ಯಾರದೆಂಬ ಪ್ರಶ್ನೆಗೆ ಅಂದಿನ ಕಾನೂನಿನಲ್ಲಿ ಉತ್ತರವಿರಲಿಲ್ಲ. ಮನೆಯ ಮೂಲ ಸ್ವರೂಪವನ್ನು ತಿಳಿಯಲು ಇಂದು ಹಳೆಯ ಛಾಯಾಚಿತ್ರಗಳೇ ಆಧಾರ.

ಕೊನೆಯ ವರ್ಷಗಳು

1960–61ರಲ್ಲಿ ಚಾಪುಲ್ತೆಪೆಕ್ ಕೋಟೆಯ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟವನ್ನು ಕುರಿತ ಭಿತ್ತಿಚಿತ್ರವನ್ನು ರಚಿಸಿದರು. ರಿವೇರಾ ತಮ್ಮ ಪ್ರಾಚೀನ ಮೂರ್ತಿಗಳ ಸಂಗ್ರಹಕ್ಕಾಗಿ ಲಾವಾ ಕಲ್ಲಿನಲ್ಲಿ ಕಟ್ಟಿಸುತ್ತಿದ್ದ ಅನಾವಾಕಾಯಿ ವಸ್ತುಸಂಗ್ರಹಾಲಯದ ಕೆಲಸವು ಅವರ ಮರಣದ ನಂತರ ಮುಂದುವರಿದು 1964ರಲ್ಲಿ ಪೂರ್ಣಗೊಂಡಾಗ ಅದರಲ್ಲಿ ಓ'ಗಾರ್ಮನ್ ಅವರ ಪಾಲೂ ಇತ್ತು. ಸಾನ್ ಆಂಹೆಲಿನಲ್ಲಿ ಕಾಂಕ್ರೀಟನ್ನು ಮೆಚ್ಚಿದ ಇಬ್ಬರೂ ಕೊನೆಗೆ ಲಾವಾ ಕಲ್ಲಿಗೇ ಬಂದು ಸೇರಿದರು. ವೃದ್ಧಾಪ್ಯದಲ್ಲಿ ಓ'ಗಾರ್ಮನ್ ಅವರನ್ನು ಅನಾರೋಗ್ಯ ಮತ್ತು ಖಿನ್ನತೆ ಬಾಧಿಸಿದವು. 1982ರ ಜನವರಿ 18ರಂದು, 76ನೆಯ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು.

ಸಂರಕ್ಷಣೆ

ರಿವೇರಾ ಮತ್ತು ಕಾಲೊ ಅವರ ಜೋಡಿ ಮನೆಗಳು ಸರ್ಕಾರದ ವಶಕ್ಕೆ ಬಂದು 1986ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದವು. ಕಾಲಕ್ರಮದಲ್ಲಿ ಸೇರಿಕೊಂಡಿದ್ದ ಮಾರ್ಪಾಡುಗಳನ್ನು 1990ರ ದಶಕದ ಜೀರ್ಣೋದ್ಧಾರದಲ್ಲಿ ತೆಗೆದು ಮನೆಗಳನ್ನು 1932ರ ಸ್ಥಿತಿಗೆ ತರಲಾಯಿತು. ಕಳ್ಳಿಯ ಬೇಲಿಯನ್ನು ಇಂದಿಗೂ ನೋಡಬಹುದು. ರಿವೇರಾ ಅವರ ಸ್ಟುಡಿಯೊದಲ್ಲಿ ಬಣ್ಣದ ಸಾಮಗ್ರಿಗಳು, ಪ್ರಾಚೀನ ಮೂರ್ತಿಗಳು, ಹಬ್ಬಗಳಲ್ಲಿ ಸುಡಲೆಂದು ಕಾಗದದಿಂದ ಮಾಡುವ ಯೂದನ ದೊಡ್ಡ ಬೊಂಬೆಗಳು ಇವೆ. ಪಕ್ಕದ 1929ರ ಮನೆಯನ್ನೂ ದುರಸ್ತಿಗೊಳಿಸಿ 2013ರಲ್ಲಿ ಸಾರ್ವಜನಿಕರಿಗೆ ತೆರೆಯಲಾಗಿದ್ದು, ಮೂರೂ ಮನೆಗಳನ್ನು ಒಂದೇ ಆವರಣದಲ್ಲಿ ವೀಕ್ಷಿಸಲು ಅವಕಾಶವಿದೆ.